ಬೆಣಚುಕಲ್ಲಿಗೆ ಅದರದೇ ಹೆಸರಿರಲಿ

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದ ತಂಗಿಯ ಮಗ, ಹತ್ತಿಯಲ್ಲಿ ಸುತ್ತಿದ ಕಲ್ಲೊಂದನ್ನು ಜೇಬಿನಿಂದ ತೆಗೆದ. ಸುಲಿದ ಅಡಿಕೆಯಷ್ಟು ದೊಡ್ಡದು, ನೀರಿನಷ್ಟು ತಿಳಿ. "ಮಾವ, ಇದು ಫೆನಕೈಟ್. ವಜ್ರಕ್ಕಿಂತ ಅಪರೂಪ ಅಂತ ಹೇಳಿ ಕೊಟ್ರು" ಎಂದ. ಅವನು ತೆತ್ತ ಬೆಲೆ ಕೇಳಿ ಅವನ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಳು.

ನಾನು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು. ಬಂಗಾರ ತೂಗುವ ಪುಟ್ಟ ಡಿಜಿಟಲ್ ತಕ್ಕಡಿಯೊಂದು ಮನೆಯಲ್ಲಿದೆ. ಕಲ್ಲು ತೂಗಿದೆವು: 5.3 ಗ್ರಾಂ. ಆಮೇಲೆ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಕಲ್ಲನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದಂತೆ ನೀರಿನೊಳಗೆ ಇಳಿಬಿಟ್ಟೆವು. 2 ಗ್ರಾಂ ತೋರಿಸಿತು. ಕಲ್ಲು ಪಕ್ಕಕ್ಕೆ ಸರಿಸಿದ ನೀರಿನ ತೂಕ ಅದು. 5.3ನ್ನು 2ರಿಂದ ಭಾಗಿಸಿದರೆ 2.65. ಸ್ಫಟಿಕದ ಸಾಂದ್ರತೆ ಸರಿಯಾಗಿ ಅಷ್ಟೇ. ಫೆನಕೈಟ್ ಆಗಿದ್ದರೆ 2.96ರ ಹತ್ತಿರ ಬರಬೇಕಿತ್ತು. ಮಾಣಿ ಮಾತಾಡಲಿಲ್ಲ.

ಫೆನಕೈಟ್ ನಿಜಕ್ಕೂ ಅಪರೂಪದ ಖನಿಜ. 1833ರಲ್ಲಿ ನಿಲ್ಸ್ ಗುಸ್ತಾಫ್ ನೋರ್ಡನ್‌ಶೋಲ್ಡ್ ಎಂಬ ಖನಿಜತಜ್ಞ ಅದಕ್ಕೆ ಹೆಸರಿಟ್ಟ. ರಷ್ಯಾದ ಯುರಾಲ್ ಪರ್ವತದ ಪಚ್ಚೆ ಗಣಿಗಳಲ್ಲಿ ಸಿಕ್ಕ ಆ ಕಲ್ಲನ್ನು ಜನ ಸ್ಫಟಿಕವೆಂದೇ ತಿಳಿಯುತ್ತಿದ್ದರು. ಅದಕ್ಕೇ ಗ್ರೀಕ್ ಭಾಷೆಯಲ್ಲಿ 'ಮೋಸಗಾರ' ಎಂಬ ಅರ್ಥದ ಪದ ಆರಿಸಿದ. ಬೆರಿಲಿಯಂ ಮತ್ತು ಸಿಲಿಕಾ ಸೇರಿ ಆದದ್ದು. ಗಡಸುತನ ಏಳೂವರೆಯಿಂದ ಎಂಟು, ಸ್ಫಟಿಕದ್ದು ಏಳು. ನೆಲದಾಳದಲ್ಲಿ ಗ್ರಾನೈಟ್ ಆರುತ್ತ ಬಂದಾಗ ಕೊನೆಗೆ ಉಳಿಯುವ ನೀರುಭರಿತ ಶಿಲಾರಸದಲ್ಲಿ ಬೆರಿಲಿಯಂ ಕೂಡಿಕೊಳ್ಳುತ್ತದೆ. ಅಲ್ಲಿ ಅಲ್ಯುಮಿನಿಯಂ ಸಾಕಷ್ಟಿದ್ದರೆ ಬೆರಿಲ್ ಆಗುತ್ತದೆ. ಪಚ್ಚೆ ಅದರದೇ ಒಂದು ಬಗೆ. ಅಲ್ಯುಮಿನಿಯಂ ಕಡಿಮೆ ಬಿದ್ದಲ್ಲಿ ಮಾತ್ರ ಫೆನಕೈಟ್. ಅಂಥ ಜಾಗಗಳು ಕಡಿಮೆ, ಹಾಗಾಗಿ ಅದೂ ಕಡಿಮೆ.

ಆಗ ಫೆನಕೈಟನ್ನು ಸ್ಫಟಿಕ ಎಂದುಕೊಂಡಿದ್ದರು, ಈಗ ಸ್ಫಟಿಕವನ್ನೇ ಫೆನಕೈಟ್ ಎಂದು ಮಾರುತ್ತಿದ್ದಾರೆ. ನನಗೆ ನೋವಾದದ್ದು ದುಡ್ಡು ಹೋದದ್ದಕ್ಕಲ್ಲ. ಆ ಸ್ಫಟಿಕ ನಮ್ಮ ಬೆಣಚುಕಲ್ಲಿನ ಒಡಹುಟ್ಟು. ಎರಡೂ ಅದೇ ಸಿಲಿಕಾ. ಮಲೆನಾಡಿನಲ್ಲಿ ಹುಟ್ಟಿದ ಹುಡುಗನಿಗೆ ಅದರ ಗುರುತು ಹತ್ತಲಿಲ್ಲವಲ್ಲ!

ನಗರ ಎಂಬ ಊರಿನ ಕಡೆಗೋ ಆಗುಂಬೆಯ ಕಡೆಗೋ ಹೋಗುವಾಗ ರಸ್ತೆಗಾಗಿ ಕಡಿದ ಧರೆಯನ್ನು ನೋಡಿ. ಕೆಂಪು ಮಣ್ಣಿನ ನಡುವೆ ಅಲ್ಲಲ್ಲಿ ಬಿಳಿಯ ಗೆರೆ ಓರೆಯಾಗಿ ಹಾದಿರುತ್ತದೆ. ಒಂದು ಕಾಲಕ್ಕೆ ಬಂಡೆಯ ಬಿರುಕಿನಲ್ಲಿ ಸಿಲಿಕಾ ಕರಗಿದ ಬಿಸಿನೀರು ಹರಿದು, ಆರಿ, ಗಟ್ಟಿಯಾದ ಗುರುತು ಅದು. ಲಕ್ಷಾಂತರ ಮಳೆಗಾಲ ಸುತ್ತಲಿನ ಬಂಡೆಯನ್ನು ಕೊಳೆಸಿ ಜಂಬಿಟ್ಟಿಗೆಯಾಗಿಸಿದರೂ ಬೆಣಚುಕಲ್ಲು ಜಗ್ಗಲಿಲ್ಲ. ಅದು ಹಾಲಿನಂತೆ ಬೆಳ್ಳಗಿರುವುದು ಒಳಗೆ ಸಿಕ್ಕಿಕೊಂಡ ಕಣ್ಣಿಗೆ ಕಾಣದಷ್ಟು ಸಣ್ಣ ನೀರಗುಳ್ಳೆಗಳಿಂದ. ಬಿರುಕಿನಲ್ಲಿ ಜಾಗವಿದ್ದು, ನಿಧಾನವಾಗಿ ಬೆಳೆಯಲು ಬಿಟ್ಟರೆ ಅದೇ ವಸ್ತು ಆರು ಮುಖದ ತಿಳಿ ಹರಳಾಗುತ್ತದೆ. ತೀರ್ಥಹಳ್ಳಿಗೆ ಹತ್ತಿರದ ಶೃಂಗೇರಿಯಲ್ಲಿ ಪೂಜೆಗೊಳ್ಳುವ ಚಂದ್ರಮೌಳೀಶ್ವರ ಲಿಂಗ ಸ್ಫಟಿಕದ್ದು. ಅಪರೂಪದ ಹೆಸರು ಹಚ್ಚಿದರೆ ಮಾತ್ರ ಬೆಲೆ ಬರಬೇಕಾದ ಕಲ್ಲಲ್ಲ ಅದು.

ನಮ್ಮ ಕಾಲದಲ್ಲಿ ಎರಡು ಬೆಣಚುಕಲ್ಲನ್ನು ಕತ್ತಲ ಕೋಣೆಯಲ್ಲಿ ತಿಕ್ಕಿ, ಮಿನುಗುವ ಬೆಳಕು ನೋಡಿ, ಸುಟ್ಟ ವಾಸನೆ ಮೂಸಿದ್ದೆವು. ಈಗ ಪಠ್ಯದಲ್ಲಿ ಚಿತ್ರವಿದೆ, ಮಕ್ಕಳ ಕೈಯಲ್ಲಿ ಕಲ್ಲಿಲ್ಲ. ಇಂಜಿನಿಯರಿಂಗ್ ಮುಗಿಸಿದ ನನ್ನ ಅಳಿಯನಿಗೆ ಸಾಂದ್ರತೆಯ ಸೂತ್ರ ಬಾಯಿಪಾಠ. ಅದನ್ನು ಒಂದು ಕಲ್ಲಿಗೆ ಹಚ್ಚಿ ನೋಡಬಹುದೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇದು ನಮ್ಮಂಥ ಮೇಷ್ಟ್ರುಗಳ ತಪ್ಪು.

ಮೂರೂ ತಾಲೂಕಿನ ವಿಜ್ಞಾನ ಶಿಕ್ಷಕರಲ್ಲಿ ನನ್ನ ಕೇಳಿಕೆ ಇದು. ಶಾಲೆಯ ಕಪಾಟಿನಲ್ಲಿ ಒಂದು ತಟ್ಟೆ ಇಡಿ. ಬೆಣಚುಕಲ್ಲು, ಜಂಬಿಟ್ಟಿಗೆ, ಕಾಗೆಬಂಗಾರ, ಒಂದು ಚೂರು ಗಾಜು, ಸಾಧ್ಯವಾದರೆ ಒಂದು ತಿಳಿ ಸ್ಫಟಿಕ ಅದರಲ್ಲಿರಲಿ. ಒಂದು ಮಧ್ಯಾಹ್ನ ಮಕ್ಕಳೇ ಅವುಗಳನ್ನು ನೀರಿನಲ್ಲಿಳಿಸಿ ತೂಗಲಿ. ಸಾಮಾನ್ಯ ಗಾಜು 2.5ರ ಆಸುಪಾಸು ನಿಲ್ಲುವುದನ್ನೂ, ಬೆಣಚುಕಲ್ಲು ಗಾಜಿನ ಮೇಲೆ ಗೀರು ಹಾಕುವುದನ್ನೂ ಕಣ್ಣಾರೆ ಕಾಣಲಿ.

ಬಣ್ಣವಿಲ್ಲದ ಕಲ್ಲನ್ನೋ ಸ್ಫಟಿಕದ ಮಾಲೆಯನ್ನೋ ಕೊಳ್ಳುವವರು ಖನಿಜದ ಹೆಸರನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವ ಅಂಗಡಿಯಲ್ಲಿ ಕೊಳ್ಳಬೇಡಿ.