ಹಡಗಿಗೂ ಒಂದು ರಫ್ ಪುಸ್ತಕ

ಮಕ್ಕಳೇ, ನಮ್ಮ ಬಾಗಲೂರಿನಲ್ಲಿ ತಲೆಯೆತ್ತಿದರೆ ವಿಮಾನ ಕಾಣುತ್ತದೆ. ಹಡಗು ನೋಡಬೇಕೆಂದರೆ ಘಟ್ಟ ಇಳಿದು ಪಣಂಬೂರಿಗೇ ಹೋಗಬೇಕು. ಆದರೂ ಕಳೆದ ವಾರ ನಮ್ಮ ಮನೆಯಲ್ಲಿ ಹಡಗಿನದೇ ಮಾತು. ಹಿರಿಯ ಮೊಮ್ಮಗಳು ಹಡಗಿನ ಕೆಲಸಕ್ಕೆ ಓದುತ್ತೇನೆ ಎಂದಳು. ಅವಳ ಅಜ್ಜಿಗೆ 2021ರ ಮಾರ್ಚ್ ತಿಂಗಳ ಟಿವಿ ಸುದ್ದಿ ನೆನಪಾಯಿತು. 400 ಮೀಟರ್ ಉದ್ದದ 'ಎವರ್ ಗಿವನ್' ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಆರು ದಿನ ಸಿಕ್ಕಿಕೊಂಡಿತ್ತು.

"ಅಷ್ಟು ದೊಡ್ಡದನ್ನ ಇವಳು ತಿರುಗಿಸೋದಾ? ಕಲಿಯೋವಾಗಲೇ ದಡಕ್ಕೆ ಬಡಿದರೆ?" ಎಂದಳು ಅಜ್ಜಿ.

ಪ್ರಶ್ನೆ ನ್ಯಾಯವಾದದ್ದೇ. ಹಡಗಿಗೆ ಬ್ರೇಕ್ ಇಲ್ಲ. ಎಂಜಿನ್ನನ್ನು ಹಿಂದಕ್ಕೆ ಓಡಿಸಿಯೇ ನಿಲ್ಲಿಸಬೇಕು. ಹಾಗೆ ನಿಲ್ಲಲು ಅದು ತನ್ನ ಉದ್ದದ 15 ಪಟ್ಟಿಗಿಂತ ಹೆಚ್ಚು ದೂರ ಹೋಗಬಾರದು ಎನ್ನುತ್ತದೆ 2002ರ ಅಂತರರಾಷ್ಟ್ರೀಯ ನಿಯಮ. ಲೆಕ್ಕ ಹಾಕಿ: 200 ಮೀಟರ್ ಹಡಗಿಗೆ 3 ಕಿಲೋಮೀಟರ್! ಚುಕ್ಕಾಣಿ ಪೂರ್ತಿ ತಿರುಗಿಸಿದಾಗ ಅದು ಸುತ್ತುವ ವೃತ್ತದ ಅಗಲ ಉದ್ದದ 5 ಪಟ್ಟು ಮೀರಬಾರದು.

ಹಡಗು ಕಟ್ಟಿದ ಮೇಲೆ ಇದು ತಪ್ಪಿದರೆ ಏನು ಗತಿ? ಅದಕ್ಕೇ ಮೊದಲು ಪುಟ್ಟ ಮಾದರಿ ಮಾಡುತ್ತಾರೆ. ಇಂಗ್ಲೆಂಡಿನ ವಿಲಿಯಂ ಫ್ರೌಡ್ 1872ರಲ್ಲಿ ಟಾರ್ಕಿಯಲ್ಲಿ ಉದ್ದನೆಯ ತೊಟ್ಟಿ ಕಟ್ಟಿಸಿ ಮಾದರಿಗಳನ್ನು ಎಳೆದು ಪರೀಕ್ಷಿಸಿದರು. ಅವರ ಲೆಕ್ಕದ ಗುಟ್ಟು ವರ್ಗಮೂಲ. ಮಾದರಿ 25 ಪಟ್ಟು ಚಿಕ್ಕದಾದರೆ ಅದರ ವೇಗ 25 ಪಟ್ಟಲ್ಲ, 5 ಪಟ್ಟು ಮಾತ್ರ ಕಡಿಮೆ ಇರಬೇಕು. ಆಗ ಅದು ಎಬ್ಬಿಸುವ ಅಲೆಗಳು ದೊಡ್ಡ ಹಡಗಿನ ಅಲೆಗಳ ಹಾಗೆಯೇ ಇರುತ್ತವೆ. ಆದರೆ ನೀರಿನ ಉಜ್ಜುವಿಕೆ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಅದನ್ನು ಬೇರೆಯಾಗಿಯೇ ಗುಣಿಸಿ ಸೇರಿಸಬೇಕು.

ನಮ್ಮ ದೇಶದಲ್ಲಿ ವಿಶಾಖಪಟ್ಟಣದ ನೌಕಾ ಪ್ರಯೋಗಾಲಯದಲ್ಲಿ 500 ಮೀಟರ್ ಉದ್ದದ ತೊಟ್ಟಿಯಿದೆ. ಮಾದರಿಗಳು ತಿರುಗಿ, ಅಲೆಗಳಲ್ಲಿ ಓಲಾಡಿ ತೋರಿಸಲು 135 ಮೀಟರ್ ಉದ್ದ, 37 ಮೀಟರ್ ಅಗಲದ ಇನ್ನೊಂದು ಕೊಳವೂ ಇದೆ. ಅಲ್ಲಿ ಅಳೆದ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಪರದೆಯ ಮೇಲೊಂದು ಹಡಗು ತಯಾರು. ಅದಕ್ಕೆ ಗಾಳಿ ಬೀಸಿಸಬಹುದು, ಪ್ರವಾಹ ಕೊಡಬಹುದು, ಸಾವಿರ ಸಲ ಬಡಿಸಲೂಬಹುದು. ಯಾರಿಗೂ ಗಾಯವಿಲ್ಲ.

ಫ್ರಾನ್ಸಿನ ಪೋರ್ಟ್ ರೆವೆಲ್ ಎಂಬಲ್ಲಿ ಇನ್ನೂ ಸೊಗಸು. ಒಂದು ಕೆರೆಯಲ್ಲಿ 25 ಪಟ್ಟು ಚಿಕ್ಕ ಹಡಗುಗಳ ಒಳಗೆ ನಿಜವಾದ ಕ್ಯಾಪ್ಟನ್ನರೇ ಕುಳಿತು ಕಲಿಯುತ್ತಾರೆ. ಅಲ್ಲಿ ಎಲ್ಲವೂ 5 ಪಟ್ಟು ಬೇಗ ನಡೆಯುತ್ತದೆ. ಸಮುದ್ರದ 5 ನಿಮಿಷ ಅಲ್ಲಿ 1 ನಿಮಿಷ.

ಬ್ಯಾಂಕಿಗೆ ಸೇರಿದ ಹೊಸತರಲ್ಲಿ ನಾನು ಲೆಡ್ಜರಿನಲ್ಲಿ ಬರೆಯುವ ಮುಂಚೆ ರಫ್ ಪುಸ್ತಕದಲ್ಲಿ ಕೂಡಿ ನೋಡುತ್ತಿದ್ದೆ. ಅಲ್ಲಿ ಎಷ್ಟು ಚಿತ್ತಾದರೂ ಯಾರ ದುಡ್ಡೂ ಹೋಗುತ್ತಿರಲಿಲ್ಲ. ಇದೂ ಹಾಗೆಯೇ ಎಂದೆ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲು ಆ ಕೆರೆ ಹಡಗಲ್ಲಿ ಚೆನ್ನಾಗಿ ಬಡೀಲಿ. ಆಮೇಲೆ ಸಮುದ್ರದ ಮಾತು" ಎಂದಳು. ಮೊಮ್ಮಗಳು ಅದನ್ನೇ ಒಪ್ಪಿಗೆ ಎಂದುಕೊಂಡಿದ್ದಾಳೆ.

ನಿಮಗೊಂದು ಲೆಕ್ಕ: ಹಡಗು ಗಂಟೆಗೆ 24 ಕಿಲೋಮೀಟರ್ ಓಡುತ್ತದೆ. ಅದರ ಮಾದರಿ 16 ಪಟ್ಟು ಚಿಕ್ಕದು. ಮಾದರಿಯ ವೇಗ ಎಷ್ಟಿರಬೇಕು? ಅಜ್ಜ-ಅಜ್ಜಿಯರ ಜೊತೆ ಕೂತು ಬಿಡಿಸಿ. ಉತ್ತರ ಮುಂದಿನ ವಾರ.