ಎಣ್ಣೂರಿನ ಅಂಗಡಿಗೆ ಆರ್ಚ್ ಬೇಡ

ಎಣ್ಣೂರಿನ ಪಕ್ಕದ ಉತ್ತರ ಚೆನ್ನೈ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಎರಡು ಹಂತಗಳಲ್ಲಿ 210 ಮೆಗಾವಾಟ್‌ನ ಮೂರು ಘಟಕಗಳೂ 600 ಮೆಗಾವಾಟ್‌ನ ಎರಡು ಘಟಕಗಳೂ ಇವೆ. ಅಂಥ ಘಟಕದ ದೊಡ್ಡ ರಿಪೇರಿಗೆ ಮೊದಲೇ ದಿನ ಗೊತ್ತುಮಾಡಿ, ಘಟಕ ನಿಲ್ಲಿಸಿ, ಬಿಚ್ಚಿ, ಜೋಡಿಸಿ, ಪರೀಕ್ಷಿಸಿ ಮತ್ತೆ ಚಾಲೂ ಮಾಡುತ್ತಾರೆ. ತಿರುಗುವ ಟರ್ಬೈನಿನ ಬ್ಲೇಡು ಬದಲಿಸಲು ಯಾರೂ ಹೋಗುವುದಿಲ್ಲ. ಅದೇ ಊರಲ್ಲಿ ಆಧಾರ್, ಪಟ್ಟಾ, ಕರೆಂಟ್ ಬಿಲ್ಲಿನ ಪ್ರಿಂಟು ತೆಗೆದು ಹೊಟ್ಟೆ ಹೊರೆಯುವ ಅಂಗಡಿಯವರೊಬ್ಬರು ಯಾವ ಲಿನಕ್ಸ್ ಹಾಕಿಸಲಿ ಎಂದು ಕೇಳಲಿ, ಉತ್ಸಾಹಿಗಳ ಉತ್ತರ ಸಿದ್ಧವಾಗಿರುತ್ತದೆ: ಆರ್ಚ್ ಹಾಕಿ, ಯಾವಾಗಲೂ ಹೊಸದಾಗಿರುತ್ತದೆ. ತಮ್ಮ ಹವ್ಯಾಸವನ್ನು ಇನ್ನೊಬ್ಬರ ಹೊಟ್ಟೆಪಾಡಿನ ಮೇಲೆ ಹೇರುವುದು ಎಂದರೆ ಇದೇ.

ಆರ್ಚ್, ಓಪನ್‌ಸುಸೆ ಟಂಬಲ್‌ವೀಡ್‌ನಂಥವು ರೋಲಿಂಗ್. ಹೊಸ ನೀರು ಬಂದಂತೆ ಹಳೆ ನೀರು ಕೊಚ್ಚಿಹೋಗುತ್ತಿರುತ್ತದೆ, ಆವೃತ್ತಿ ಎಂಬುದೇ ಇಲ್ಲ. ಡೆಬಿಯನ್‌ನಂಥ ಸ್ಟೇಬಲ್ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ. ಬಂದ ಮೇಲೆ ಅದರಲ್ಲಿನ ತಂತ್ರಾಂಶಗಳ ಆವೃತ್ತಿ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ, ಭದ್ರತೆಯ ತೇಪೆಗಳು ಮಾತ್ರ ಬರುತ್ತಿರುತ್ತವೆ.

ಈ ಕೊನೆಯ ಮಾತನ್ನು ರೋಲಿಂಗ್ ಭಕ್ತರು ಜಾಣತನದಿಂದ ಮರೆಯುತ್ತಾರೆ. ಹಳೆಯದು ಎಂದರೆ ತೂತು ಬಿದ್ದದ್ದು ಎಂಬುದೇ ಅವರ ವಾದ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಬಯಲು ಮಾಡಿದ ಎಕ್ಸ್‌ಝೆಡ್ ಪ್ರಕರಣ ಈ ವಾದದ ಬುಡಕ್ಕೇ ಪೆಟ್ಟು ಕೊಟ್ಟಿತು. ಕಡತಗಳನ್ನು ಕುಗ್ಗಿಸುವ ಒಂದು ಪುಟ್ಟ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಅವು ಟಂಬಲ್‌ವೀಡ್‌ಗೂ ಡೆಬಿಯನ್‌ನ ಪರೀಕ್ಷಾ ಶಾಖೆಗಳಿಗೂ ತಲುಪಿದ್ದವು. ಡೆಬಿಯನ್ ಸ್ಟೇಬಲ್‌ನಲ್ಲಿದ್ದದ್ದು ಹಳೆಯ 5.4, ಅಲ್ಲಿಗೆ ಕಳ್ಳ ಬರಲೇ ಇಲ್ಲ.

ಫ್ರಾಯಿಂಡ್ ಅದನ್ನು ಪತ್ತೆಹಚ್ಚಿದ್ದು ಡೆಬಿಯನ್‌ನ ಅಸ್ಥಿರ ಶಾಖೆ ಬಳಸುತ್ತಿದ್ದಾಗ, ಲಾಗಿನ್ ಅರ್ಧ ಸೆಕೆಂಡು ತಡವಾದದ್ದು ಕಣ್ಣಿಗೆ ಬಿದ್ದು. ಹೊಸದನ್ನು ಮೊದಲು ತಿಂದು ನೋಡುವ ಇಂಥವರು ಇಲ್ಲದಿದ್ದರೆ ಆ ವಿಷ ಮುಂದಿನ ಸ್ಟೇಬಲ್‌ಗೂ ಇಳಿಯುತ್ತಿತ್ತು. ರೋಲಿಂಗ್ ಬಳಸುವವರ ಋಣ ಎಲ್ಲರ ಮೇಲೂ ಇದೆ. ಆದರೆ ಅವರು ತಿಳಿದು, ಒಪ್ಪಿ ಆ ಕೆಲಸಕ್ಕೆ ನಿಂತವರು. ಪ್ರಿಂಟಿಗೆ ಹತ್ತು ರೂಪಾಯಿ ಪಡೆಯುವ ಅಂಗಡಿಯವರನ್ನು ಕೇಳದೆಯೇ ಬಿಟ್ಟಿ ಪರೀಕ್ಷಕರನ್ನಾಗಿ ಮಾಡುವ ಹಕ್ಕು ಯಾರಿಗೂ ಇಲ್ಲ.

2022ರ ಆಗಸ್ಟ್‌ನಲ್ಲಿ ಗ್ರಬ್‌ನ ಒಂದು ಅಪ್‌ಡೇಟಿನ ನಂತರ ಆರ್ಚ್ ಮತ್ತು ಎಂಡೆವರ್‌ಓಎಸ್ ಬಳಸುವ ಅನೇಕರ ಯಂತ್ರಗಳು ಬೂಟ್ ಆಗಲಿಲ್ಲ. ಪೆನ್‌ಡ್ರೈವ್‌ನಿಂದ ಯಂತ್ರ ಎಬ್ಬಿಸಿ ಗ್ರಬ್ ಮತ್ತೆ ಕೂರಿಸಿದರೆ ಸರಿಹೋಗುತ್ತಿತ್ತು, ಬಲ್ಲವರಿಗೆ ಅರ್ಧ ಗಂಟೆಯ ಕೆಲಸ. ಬಲ್ಲವರು ಸಂಜೆ ಬಿಡುವಾದ ಮೇಲೆ ಬರುವವರೆಗೆ ಅಂಗಡಿಯ ಮುಂದಿನ ಸಾಲಿಗೆ ಏನು ಹೇಳಬೇಕು? 2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತ ಬಂದಾಗ ಎಣ್ಣೂರು ಕಡೆ ಮನೆಗಳಿಗೆ ನೀರು ನುಗ್ಗಿತು, ಕೊಲ್ಲಿಯಲ್ಲಿ ಎಣ್ಣೆ ತೇಲಿತು. ಅಂಥ ಊರಲ್ಲಿ ಯಂತ್ರ ವಾರಗಟ್ಟಲೆ ಮುಚ್ಚಿಟ್ಟಿರುವುದು ಸಹಜ. ಬಹಳ ದಿನ ಅಪ್‌ಡೇಟ್ ಕಾಣದ ಆರ್ಚ್ ಯಂತ್ರ ಪ್ಯಾಕೇಜುಗಳ ಸಹಿಯನ್ನೇ ನಂಬದೆ ಮುನಿಸಿಕೊಳ್ಳಬಹುದು. ಸ್ಟೇಬಲ್ ಯಂತ್ರಕ್ಕೆ ಬಾಕಿ ಉಳಿದಿರುವುದು ಕೆಲವು ತೇಪೆಗಳಷ್ಟೇ.

ಕನ್ನಡ ಬಳಸುವವರ ಒಂದು ದೂರು ಮಾತ್ರ ನ್ಯಾಯವಾದದ್ದು. ಒತ್ತಕ್ಷರ ಸರಿಯಾಗಿ ಕೂರದ ದೋಷವೊಂದು ಮೂಲದಲ್ಲಿ ಇಂದು ಸರಿಯಾದರೂ ಸ್ಟೇಬಲ್‌ನವರು ಮುಂದಿನ ಆವೃತ್ತಿಗೆ ಕಾಯಬೇಕಾದೀತು. ಅದಕ್ಕೆ ಇಡೀ ಮನೆ ಕೆಡವಬೇಕಾಗಿಲ್ಲ. ಡೆಬಿಯನ್‌ನ ಬ್ಯಾಕ್‌ಪೋರ್ಟ್ಸ್‌ನಿಂದಲೋ ಫ್ಲ್ಯಾಟ್‌ಪ್ಯಾಕ್ ಆಗಿಯೋ ಹೊಸ ಲಿಬ್ರೆ ಆಫೀಸ್ ಒಂದನ್ನೇ ತರಬಹುದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಜಾತಿಯವರನ್ನೂ ಬಿಡುವಂತಿಲ್ಲ: ಒಮ್ಮೆ ಹಾಕಿದ್ದನ್ನು ಮುಟ್ಟಬೇಡ ಎನ್ನುವವರು. ಸೋಮಾರಿತನಕ್ಕೆ ಅವರು ಸ್ಟೇಬಲ್ ಎಂದು ಹೆಸರಿಟ್ಟಿದ್ದಾರೆ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಲ್ಲಿಸುವ ಮುನ್ನ ತಮಿಳುನಾಡು ಸರ್ಕಾರ ತನ್ನ ಇಲಾಖೆಗಳಿಗೆ ಬಾಸ್ ಲಿನಕ್ಸ್‌ಗೆ ಹೋಗಿ ಎಂದಿತ್ತು. ಬಾಸ್ ಚೆನ್ನೈನ ಸಿ-ಡ್ಯಾಕ್‌ನಲ್ಲೇ, ಡೆಬಿಯನ್ ಮೇಲೆ ಕಟ್ಟಿದ್ದು. ಸೂಚನೆ ಸರಿಯಾಗಿಯೇ ಇತ್ತು. ಆದರೆ ಬಾಸ್ ಹಾಕಿಸಿ, ಅದರದೇ ಮುಂದಿನ ಆವೃತ್ತಿಗೆ ಏರಿಸದೆ ಬಿಟ್ಟರೆ ಅದೂ ಇನ್ನೊಂದು ಎಕ್ಸ್‌ಪಿಯೇ. 450 ಮೆಗಾವಾಟ್‌ನ ಹಳೆಯ ಎಣ್ಣೂರು ಸ್ಥಾವರವನ್ನೂ 2017ರಲ್ಲಿ ಮುಚ್ಚಲೇಬೇಕಾಯಿತು.

ಡೆಬಿಯನ್ 12 ಬಂದದ್ದು 2023ರ ಜೂನ್‌ನಲ್ಲಿ, 13 ಬಂದದ್ದು 2025ರ ಆಗಸ್ಟ್ 9ಕ್ಕೆ. ಪ್ರತಿ ಆವೃತ್ತಿಗೂ ಮೂರು ವರ್ಷದ ಆರೈಕೆ, ಆಮೇಲೆ ದೀರ್ಘಾವಧಿ ಬೆಂಬಲದ ಎರಡು ವರ್ಷ. ಹೊಸತು ಬಂದು ಕೆಲವು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಗೊತ್ತುಮಾಡಿ, ಕಡತಗಳ ಪ್ರತಿ ತೆಗೆದಿಟ್ಟು ಏರಿಸಿದರಾಯಿತು. ಅಂಗಡಿಯವರಿಗೆ ಆರ್ಚ್ ಹಾಕಿಕೊಡಲು ಬರುವ ಉತ್ಸಾಹಿಗಳಿಗೆ ಆ ಭಾನುವಾರದ ಕೆಲಸವನ್ನೇ ಒಪ್ಪಿಸಬಹುದು.