ಲೆಕ್ಕದ ಹಾಳೆಯೂ ನಮ್ಮ ವಿವೇಕವೂ

ಕಲಾ ವಿಭಾಗಕ್ಕೆ ಸೇರಿದವರಿಗೆ ಲೆಕ್ಕದ ಗೊಡವೆಯಿಲ್ಲವೆಂಬ ಮಾತೊಂದು ಹಿಂದಿನಿಂದಲೂ ರೂಢಿಯಲ್ಲಿದೆ. ಇಂದು ಆ ಮಾತಿಗೆ ಅರ್ಥವುಳಿದಿಲ್ಲ. ಅರ್ಥಶಾಸ್ತ್ರದ ಅಂಕಿ ಅಂಶಗಳಿರಲಿ, ಸಮಾಜಶಾಸ್ತ್ರದ ಸಮೀಕ್ಷೆಯಿರಲಿ, ನಾಳೆ ನಾವು ಸೇರಬಹುದಾದ ಕಚೇರಿಯ ಸಂಬಳದ ಪಟ್ಟಿಯಿರಲಿ, ಬಹುಮಟ್ಟಿಗೆ ಎಕ್ಸೆಲ್ ಮೊದಲಾದ ಸ್ಪ್ರೆಡ್‌ಶೀಟ್‌ಗಳಲ್ಲಿಯೇ ಸಿದ್ಧವಾಗುತ್ತವೆ. 1979ರಲ್ಲಿ ಅಮೆರಿಕದ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬವರ ‘ವಿಸಿಕ್ಯಾಲ್ಕ್’ ಹೊರಬಂದಂದಿನಿಂದ, ಒಂದು ಮನೆಯ ಅಂಕಿಯನ್ನು ತಿದ್ದಿದರೆ ಅದನ್ನು ಅವಲಂಬಿಸಿದ ಮೊತ್ತಗಳೆಲ್ಲ ತಾವಾಗಿಯೇ ಬದಲಾಗುವ ಸೌಕರ್ಯ ಸಾಮಾನ್ಯರ ಕೈಗೂ ಬಂದಿತು. ಇದು ಮಹದುಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸೌಕರ್ಯ ಹೆಚ್ಚಿದಂತೆಲ್ಲ ತಾಳೆ ನೋಡುವ ಅಭ್ಯಾಸ ನಮ್ಮಲ್ಲಿ ಕಡಿಮೆಯಾಗುತ್ತಿದೆಯೆಂಬುದು ನನ್ನ ಅಭಿಪ್ರಾಯ.

ಸೂತ್ರವೊಂದು ನಿರೀಕ್ಷಿಸಿದ ಉತ್ತರವನ್ನು ಕೊಡದಿರುವುದು ಎರಡು ಬಗೆ. ಸೊನ್ನೆಯಿಂದ ಭಾಗಿಸಲು ಹೇಳಿದರೆ, ಇಲ್ಲವೇ ಸೂತ್ರದ ಹೆಸರನ್ನೇ ತಪ್ಪಾಗಿ ಬರೆದರೆ, ‘#’ ಚಿಹ್ನೆಯೊಡನೆ ದೋಷಸೂಚನೆ ಕಾಣಿಸುತ್ತದೆ. ಅದನ್ನು ಕಂಡು ನಾವು ಗಾಬರಿಗೊಳ್ಳುತ್ತೇವೆ. ವಾಸ್ತವವಾಗಿ ಅದು ಪ್ರಾಮಾಣಿಕವಾದ ಉತ್ತರ. ‘ನನ್ನಿಂದಾಗದು’ ಎಂದು ಒಪ್ಪಿಕೊಳ್ಳುವವನಿಂದ ಯಾರಿಗೂ ಮೋಸವಿಲ್ಲ. ಹೆದರಬೇಕಾದುದು ಎರಡನೆಯ ಬಗೆಗೆ. ಅಲ್ಲಿ ಉತ್ತರವು ಅಚ್ಚುಕಟ್ಟಾಗಿ, ದಶಮಾಂಶ ಸಹಿತವಾಗಿ ಬರುತ್ತದೆ, ಆದರೆ ತಪ್ಪಾಗಿರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ.

ವಿದ್ಯಾರ್ಥಿಯೊಬ್ಬನ ಮೂರು ಕಿರುಪರೀಕ್ಷೆಗಳ ಅಂಕಗಳು 12, 18, 25 ಎಂದಿಟ್ಟುಕೊಳ್ಳಿ. ಬೇರೆ ಕಡತದಿಂದ ನಕಲು ಮಾಡಿದ 25 ಎಂಬುದು ಸಂಖ್ಯೆಯಾಗಿರದೆ ಅಕ್ಷರರೂಪದಲ್ಲಿ ಕುಳಿತಿದ್ದರೆ, ‘ಸಮ್’ ಎಂಬ ಸೂತ್ರವು ಅದನ್ನು ಲೆಕ್ಕಕ್ಕೇ ಹಿಡಿಯದೆ ಮೊತ್ತ 30 ಎನ್ನುತ್ತದೆ. ಅದೇ ಮೂರು ಮನೆಗಳನ್ನು ಸಂಕಲನ ಚಿಹ್ನೆಯಿಂದ ಕೂಡಿಸಿದರೆ 55 ಬರುತ್ತದೆ! ಸಂಖ್ಯೆಗಳು ಸಾಮಾನ್ಯವಾಗಿ ಮನೆಯ ಬಲಕ್ಕೂ ಅಕ್ಷರಗಳು ಎಡಕ್ಕೂ ನಿಲ್ಲುತ್ತವೆಂದು ಬಲ್ಲವನಿಗೆ ಕಳ್ಳನಾರೆಂಬುದು ಕಣ್ಣಿಗೇ ಕಾಣುತ್ತದೆ. ಹಾಗೆಯೇ ಕ್ರಮಸಂಖ್ಯೆಯ ಮೇಲೆ ಅಂಕವನ್ನು ಹುಡುಕಿಕೊಡುವ ‘ವಿ-ಲುಕಪ್’ ಸೂತ್ರದಲ್ಲಿ, ಸಂಖ್ಯೆ ಸರಿಯಾಗಿ ಹೊಂದಿದರೆ ಮಾತ್ರ ಕೊಡು ಎಂಬ ಕೊನೆಯ ಸೂಚನೆಯನ್ನು ಬಿಟ್ಟರೆ, ಏರಿಕೆಯ ಕ್ರಮದಲ್ಲಿರುವ ಪಟ್ಟಿಯಲ್ಲಿ 1043 ಇಲ್ಲದಾಗ ಅದು 1042ರ ಅಂಕವನ್ನೇ ತಂದೊಪ್ಪಿಸುತ್ತದೆ. ಒಬ್ಬನ ಶ್ರಮದ ಫಲ ಮತ್ತೊಬ್ಬನ ಪಾಲಾದರೂ ಯಾವ ದೋಷಸೂಚನೆಯೂ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದ ಪ್ರಸಂಗವೂ ಉಂಟು. ಎರಡು ಪರೀಕ್ಷೆಗಳಲ್ಲಿ 20 ಮತ್ತು 16 ಪಡೆದು ಮೂರನೆಯದಕ್ಕೆ ಗೈರುಹಾಜರಾದವಳ ಸರಾಸರಿಯೆಷ್ಟು? ಮನೆಯನ್ನು ಖಾಲಿ ಬಿಟ್ಟರೆ 18. ಸೊನ್ನೆ ಬರೆದರೆ 12. ಇವೆರಡರಲ್ಲಿ ನ್ಯಾಯವಾದುದು ಯಾವುದೆಂಬುದನ್ನು ಯಂತ್ರ ಅರಿಯದು. ಅದು ಗಣಿತದ ಪ್ರಶ್ನೆಯೇ ಅಲ್ಲ. ನಿಯಮದ, ಅರ್ಥದ ಪ್ರಶ್ನೆ. ಇಂದು ಕೃತಕ ಬುದ್ಧಿಮತ್ತೆಯೇ ಸೂತ್ರವನ್ನು ಬರೆದುಕೊಡುತ್ತದೆಯೆನ್ನುವವರು ಈ ಮಾತನ್ನು ಗಮನಿಸಬೇಕು. ಬರೆದುಕೊಡುವುದು ಯಾರೇ ಆಗಲಿ, ನಮಗೆ ಬೇಕಾದುದೇನೆಂಬುದನ್ನು ನಾವೇ ನಿಶ್ಚಯಿಸಬೇಕಾಗುತ್ತದೆ.

ಇಂಥ ದೋಷಗಳು ಬಲ್ಲಿದರನ್ನೂ ಬಿಟ್ಟಿಲ್ಲ. ಅಮೆರಿಕದ ಹೆಸರಾಂತ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಸರ್ಕಾರದ ಸಾಲವು ರಾಷ್ಟ್ರೋತ್ಪನ್ನದ ಶೇಕಡ 90ನ್ನು ಮೀರಿದ ಮುಂದುವರಿದ ದೇಶಗಳ ಸರಾಸರಿ ಬೆಳವಣಿಗೆ ಸೊನ್ನೆಗಿಂತಲೂ ಶೇಕಡ 0.1ರಷ್ಟು ಕೆಳಗಿದೆಯೆಂದು ತೋರಿಸಿದ್ದರು. ಸರ್ಕಾರಗಳು ವೆಚ್ಚವನ್ನು ಕಡಿತಗೊಳಿಸಬೇಕೆಂದು ವಾದಿಸಿದವರು ಈ ಪ್ರಬಂಧವನ್ನು ಆಧಾರವಾಗಿ ಎತ್ತಿಹಿಡಿದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಥಾಮಸ್ ಹರ್ಂಡನ್ ತರಗತಿಯ ಅಭ್ಯಾಸಕ್ಕಾಗಿ ಅದೇ ಲೆಕ್ಕವನ್ನು ಮತ್ತೆ ಮಾಡಹೊರಟಾಗ ಉತ್ತರ ಹೊಂದಲಿಲ್ಲ. ಮೂಲ ಹಾಳೆಯನ್ನು ತರಿಸಿ ನೋಡಿದರೆ, ಸರಾಸರಿಯ ಸೂತ್ರವು 20 ದೇಶಗಳ ಬದಲು 15ನ್ನು ಮಾತ್ರ ಒಳಗೊಂಡಿತ್ತು. ಆಸ್ಟ್ರೇಲಿಯ, ಆಸ್ಟ್ರಿಯ, ಬೆಲ್ಜಿಯಂ, ಕೆನಡ, ಡೆನ್ಮಾರ್ಕ್‌ಗಳು ಹೊರಗುಳಿದಿದ್ದವು. ಕೆಲವು ವರ್ಷಗಳ ಅಂಕಿಗಳನ್ನು ಕೈಬಿಟ್ಟಿದ್ದುದನ್ನೂ ಸರಾಸರಿ ತೆಗೆದ ಕ್ರಮವನ್ನೂ ಸೇರಿಸಿ ಸರಿಪಡಿಸಿದಾಗ ಬೆಳವಣಿಗೆ ಶೇಕಡ 2.2 ಆಯಿತೆಂದು ಆತನೂ ಆತನ ಅಧ್ಯಾಪಕರಾದ ಮೈಕೇಲ್ ಆಶ್, ರಾಬರ್ಟ್ ಪೋಲಿನ್ ಅವರೂ 2013ರಲ್ಲಿ ಪ್ರಕಟಿಸಿದರು. ಸೂತ್ರದ ದೋಷವನ್ನು ಮೂಲ ಲೇಖಕರು ಒಪ್ಪಿಕೊಂಡರು. ದೊಡ್ಡವರ ಉತ್ತರವನ್ನು ವಿದ್ಯಾರ್ಥಿಯೊಬ್ಬನು ಪರೀಕ್ಷಿಸಿದ್ದು ಉದ್ಧಟತನವಲ್ಲ, ಅದೇ ವಿದ್ಯೆ.

ದೋಷವನ್ನು ಹುಡುಕುವ ಕ್ರಮವೇನೂ ಕಠಿಣವಲ್ಲ. ಮೊದಲು ಉತ್ತರ ಎಷ್ಟಿರಬಹುದೆಂದು ಮನಸ್ಸಿನಲ್ಲಿಯೇ ಅಂದಾಜು ಮಾಡಬೇಕು. ಉತ್ತರ ಮೊದಲೇ ಗೊತ್ತಿರುವ ಮೂರು ನಾಲ್ಕು ಅಂಕಿಗಳನ್ನು ಕೊಟ್ಟು ಸೂತ್ರವನ್ನು ಪರೀಕ್ಷಿಸಬೇಕು. ಉದ್ದವಾದ ಸೂತ್ರವನ್ನು ಬಿಡಿಸಿ ಒಂದೊಂದು ಭಾಗವನ್ನು ಒಂದೊಂದು ಮನೆಯಲ್ಲಿ ಬರೆಯಬೇಕು. ಮೊದಲ ಮತ್ತು ಕೊನೆಯ ಸಾಲುಗಳು ಲೆಕ್ಕದೊಳಗಿವೆಯೇ, ಸೂತ್ರವನ್ನು ಕೆಳಕ್ಕೆ ಎಳೆದಾಗ ಅಲುಗಬಾರದ ಮನೆಗೆ ಡಾಲರ್ ಚಿಹ್ನೆಯ ಕಾವಲಿದೆಯೇ ಎಂಬುದನ್ನು ನೋಡಬೇಕು. ಇಷ್ಟನ್ನೂ ಮಾಡದೆ ಕಂಪ್ಯೂಟರನ್ನು ದೂರುವುದು, ಕುಣಿಯಲಾರದವಳು ನೆಲ ಡೊಂಕೆಂದಂತೆ.

ನಮ್ಮ ಕಂಪ್ಯೂಟರ್ ತರಗತಿಗಳಲ್ಲಿ ಯಾವ ಗುಂಡಿಯನ್ನು ಒತ್ತಬೇಕೆಂದು ಕಲಿಸುವುದರ ಜೊತೆಗೆ, ಬೇಕೆಂದೇ ತಪ್ಪಿಟ್ಟ ಹಾಳೆಯನ್ನು ಕೊಟ್ಟು ‘ಹುಡುಕಿರಿ’ ಎಂದರೆ ಎಷ್ಟು ಚೆನ್ನ! ಆ ಹಾಳೆಗಳ ಮೇಲೆಯೇ ಒಬ್ಬರ ವಿದ್ಯಾರ್ಥಿವೇತನ, ಮತ್ತೊಬ್ಬರ ಪಿಂಚಣಿ ನಿರ್ಧಾರವಾಗುವ ಕಾಲವಿದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ನಮ್ಮ ಹಿರಿಯರು ಹೇಳಿದ್ದಾರೆ. ತೆರೆಯ ಮೇಲೆ ಕಂಡುದಕ್ಕಂತೂ ಈ ಮಾತು ಇಮ್ಮಡಿಯಾಗಿ ಸಲ್ಲುತ್ತದೆ.